ಹೊಸ ಸ್ಪೇರ್ ಕೀ ಬಾಗಿಲು ತೆರೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ: ಇಮ್ಮೊಬಿಲೈಸರ್ ಇರುವ ಗಾಡಿಯಲ್ಲಿ ದೋಷ ಹುಡುಕುವ ಕ್ರಮ

ಚಾವಿವಾಲಾ ಹತ್ತು ನಿಮಿಷದಲ್ಲಿ ಡೂಪ್ಲಿಕೇಟ್ ಕತ್ತರಿಸಿ ಕೊಟ್ಟಿರುತ್ತಾನೆ. ಬಾಗಿಲು ತೆರೆಯುತ್ತದೆ, ಸ್ಟೀರಿಂಗ್ ಲಾಕ್ ಬಿಡುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತುತ್ತವೆ, ಸೆಲ್ಫ್ ಕೂಡ ಹೊಡೆಯುತ್ತದೆ. ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಲ್ಲವೇ ಹಿಡಿದ ಹಾಗೆ ಮಾಡಿ ಎರಡೇ ಸೆಕೆಂಡಿನಲ್ಲಿ ನಿಂತುಹೋಗುತ್ತದೆ. ಅಷ್ಟರಲ್ಲಿ ಸೊಸೈಟಿಯ ಕಾಂಪೌಂಡಿನಲ್ಲಿ ನಾಲ್ಕು ಜನ ಸೇರಿರುತ್ತಾರೆ. ಒಬ್ಬರು ಬ್ಯಾಟರಿ ಅನ್ನುತ್ತಾರೆ, ಇನ್ನೊಬ್ಬರು ಫ್ಯುಯೆಲ್ ಪಂಪ್ ಅನ್ನುತ್ತಾರೆ, ಮೂರನೆಯವರು ಧಕ್ಕಾ ಕೊಡಲು ತೋಳು ಮಡಚುತ್ತಾರೆ.

ಧಕ್ಕಾ ಕೊಡಬೇಡಿ. ಇಮ್ಮೊಬಿಲೈಸರ್, ಅಂದರೆ ಗುರುತಿಲ್ಲದ ಕೀಗೆ ಎಂಜಿನ್ ಹಿಡಿಯದಂತೆ ಮಾಡುವ ಕಳ್ಳತನ ತಡೆ ವ್ಯವಸ್ಥೆ, ಇಂಧನವನ್ನೋ ಸ್ಪಾರ್ಕನ್ನೋ ತಡೆದಿರುವಾಗ ತಳ್ಳಿದರೆ ಎಂಜಿನ್ ಹಿಡಿಯುವ ಮಾತೇ ಇಲ್ಲ. ಸ್ಪಾರ್ಕ್ ಮಾತ್ರ ನಿಂತು ಇಂಧನ ಬರುತ್ತಿರುವ ಗಾಡಿಯಾದರೆ ಸುಡದ ಪೆಟ್ರೋಲ್ ನೇರವಾಗಿ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಕೂರುತ್ತದೆ, ಅದರ ರಿಪೇರಿ ಕೀ ಖರ್ಚಿನ ಹಲವು ಪಟ್ಟು. ಸೆಲ್ಫನ್ನೂ ಸುಮ್ಮನೆ ಹೊಡೆಯುತ್ತ ಇರಬೇಡಿ. ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡಿ, ಮೂರು ಸಲ ಆದಮೇಲೆ ನಿಲ್ಲಿಸಿ. ಹತ್ತು ಸಲ ಹೊಡೆದವರಿಗೆ ಕೀ ಸಮಸ್ಯೆಯ ಜೊತೆಗೆ ಬ್ಯಾಟರಿ ಸಮಸ್ಯೆಯೂ ಅಂಟಿಕೊಳ್ಳುತ್ತದೆ. ಆಮೇಲೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಗೊತ್ತಾಗುವುದಿಲ್ಲ.

ಒಂದೇ ಪ್ಲಾಸ್ಟಿಕ್ಕಿನಲ್ಲಿ ಮೂರು ಕೀ

ಇವತ್ತಿನ ಕಾರಿನ ಕೀ ಒಂದಲ್ಲ, ಮೂರು. ಮೂರೂ ಒಂದೇ ಪ್ಲಾಸ್ಟಿಕ್ ಕವಚದೊಳಗೆ ಕೂತಿರುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೆ.

ಮೊದಲನೆಯದು ಲೋಹದ ಬ್ಲೇಡ್. ಬಾಗಿಲಿನ ಬೀಗವನ್ನೂ ಇಗ್ನಿಷನ್ ಬ್ಯಾರಲ್ಲನ್ನೂ ತಿರುಗಿಸುವುದಷ್ಟೇ ಇದರ ಕೆಲಸ. ಎರಡನೆಯದು ಕೀಯ ತಲೆಯೊಳಗಿನ ಟ್ರಾನ್ಸ್‌ಪಾಂಡರ್ ಚಿಪ್. ಇದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಬ್ಯಾರಲ್ ಸುತ್ತ ಬಳೆಯ ಹಾಗೆ ಒಂದು ಆಂಟೆನಾ ಕಾಯಿಲ್ ಇರುತ್ತದೆ. ಕೀ ತಿರುಗಿಸಿದಾಗ ಅದು 125 ಕಿಲೋಹರ್ಟ್ಸಿನಲ್ಲಿ, ಕೆಲವು ಗಾಡಿಗಳಲ್ಲಿ 134.2 ಕಿಲೋಹರ್ಟ್ಸಿನಲ್ಲಿ, ಒಂದು ಕ್ಷೇತ್ರ ಹುಟ್ಟಿಸುತ್ತದೆ. ಅದರಿಂದಲೇ ಶಕ್ತಿ ಪಡೆದು ಚಿಪ್ ತನ್ನ ಗುರುತು ಹೇಳುತ್ತದೆ, ಗಾಡಿ ಕೇಳಿದ ಸವಾಲಿಗೆ ಗುಪ್ತ ಉತ್ತರ ಕೊಡುತ್ತದೆ. ಉತ್ತರ ಸರಿಯಿದ್ದರೆ ಇಸಿಯು (ಎಂಜಿನ್ನನ್ನು ನಡೆಸುವ ಕಂಪ್ಯೂಟರ್) ಇಂಧನ ಮತ್ತು ಇಗ್ನಿಷನ್ನಿಗೆ ಅನುಮತಿ ಕೊಡುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಮೂರನೆಯದು ರಿಮೋಟ್: ಗುಂಡಿ ಒತ್ತಿದರೆ ಬಾಗಿಲು ತೆರೆಯುವ ಭಾಗ. ಇದಕ್ಕೆ ಕಾಯಿನ್ ಸೆಲ್ ಬೇಕು, ಭಾರತದ ಗಾಡಿಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸಿನಲ್ಲಿ ಮಾತಾಡುತ್ತದೆ. ಎಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ.

ಆದ್ದರಿಂದ "ಕೀ ಕೆಲಸ ಮಾಡುತ್ತಿಲ್ಲ" ಎಂಬ ದೂರು ಅರ್ಧ ದೂರು. ಮೂರರಲ್ಲಿ ಯಾವುದು ಎಂದು ಬೇರ್ಪಡಿಸುವವರೆಗೆ ಯಾರಿಗೂ ದುಡ್ಡು ಕೊಡಬೇಡಿ. ರಿಮೋಟ್ ಕೆಲಸ ಮಾಡುತ್ತದೆ, ಎಂಜಿನ್ ಹಿಡಿಯುವುದಿಲ್ಲ ಎಂದರೆ ಚಿಪ್ ನೋಡಿ. ಎಂಜಿನ್ ಹಿಡಿಯುತ್ತದೆ, ರಿಮೋಟ್ ಇಲ್ಲ ಎಂದರೆ ಮೊದಲು ಸೆಲ್, ಆಮೇಲೆ ರಿಮೋಟ್ ಪೇರಿಂಗ್. ಬಾಗಿಲು ಸಲೀಸಾಗಿ ತೆರೆದು ಇಗ್ನಿಷನ್ನಿನಲ್ಲಿ ಬಿಗಿಯಾದರೆ ಬ್ಲೇಡ್.

ಯೂಟ್ಯೂಬಿನಲ್ಲಿ "ಬಾಗಿಲು ತೆರೆದು ಕೀಯನ್ನು ಐದು ಸಲ ಆನ್ ಆಫ್ ಮಾಡಿ" ಅನ್ನುವ ವಿಡಿಯೊಗಳ ಕಥೆಯೂ ಇದೇ. ಅವುಗಳಲ್ಲಿ ಬಹಳಷ್ಟು ರಿಮೋಟ್ ಜೋಡಿಸುವ ವಿಧಾನಗಳು, ಚಿಪ್ಪಿಗೆ ಸಂಬಂಧಿಸಿದ್ದಲ್ಲ. ಗುಂಡಿ ಒತ್ತಿದಾಗ ಇಂಡಿಕೇಟರ್ ಮಿಣುಕಿತು ಎಂದು ಖುಷಿಯಾಗಿ ಕೂತರೆ ಎಂಜಿನ್ ಆಗಲೂ ಹಿಡಿಯುವುದಿಲ್ಲ. ಅಮೆರಿಕದ ಗಾಡಿಗಳಿಗೆಂದು ಹೇಳಿದ್ದು ನಮ್ಮ ಸ್ವಿಫ್ಟಿಗೋ ಐ20ಗೋ ಅನ್ವಯಿಸುವುದೂ ಇಲ್ಲ.

ಗಾಡಿ ಏನು ಮಾಡುತ್ತಿದೆ, ದೀಪ ಏನು ಹೇಳುತ್ತಿದೆ

ಗುರುತಿಲ್ಲದ ಕೀ ಹಾಕಿದಾಗ ಎಲ್ಲ ಗಾಡಿಗಳೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಕೆಲವು ಸೆಲ್ಫ್ ಹೊಡೆಯುತ್ತಲೇ ಇರುತ್ತವೆ, ಎಂಜಿನ್ ಹಿಡಿಯುವುದಿಲ್ಲ. ಫೋಕ್ಸ್‌ವಾಗನ್, ಸ್ಕೋಡಾ ಗಾಡಿಗಳು ಹಿಡಿದು ಒಂದೆರಡು ಸೆಕೆಂಡಿನಲ್ಲಿ ನಿಲ್ಲುವುದು ಪ್ರಸಿದ್ಧ. ಇನ್ನು ಕೆಲವಲ್ಲಿ ಸೆಲ್ಫೇ ಹೊಡೆಯುವುದಿಲ್ಲ, ಇದನ್ನೇ ಜನ ಬ್ಯಾಟರಿ ಸತ್ತಿದೆ ಎಂದು ತಿಳಿಯುವುದು. ಬ್ಯಾಟರಿ ಸತ್ತಿದ್ದರೆ ಡ್ಯಾಶ್‌ಬೋರ್ಡಿನ ದೀಪಗಳೂ ಮಂಕಾಗಬೇಕು, ಹಾರ್ನ್ ಕೂಡ ಕೀರಲಾಗಬೇಕು. ದೀಪಗಳು ಝಗಝಗ, ಸೆಲ್ಫ್ ಮಾತ್ರ ಸುಮ್ಮನೆ ಎಂದರೆ ಇಮ್ಮೊಬಿಲೈಸರ್, ಕ್ಲಚ್ ಸ್ವಿಚ್, ಅಥವಾ ಆಟೊಮ್ಯಾಟಿಕ್ ಗಾಡಿಯಲ್ಲಿ ಪಾರ್ಕ್-ನ್ಯೂಟ್ರಲ್ ಸ್ವಿಚ್ ಈ ಮೂರನ್ನು ಅನುಮಾನಿಸಿ.

ಇಗ್ನಿಷನ್ ಆನ್ ಮಾಡಿ, ಸೆಲ್ಫ್ ಹೊಡೆಯದೆ ಮೀಟರಿನಲ್ಲಿ ಕೀ ಅಥವಾ ಬೀಗದ ಚಿತ್ರವಿರುವ ದೀಪವನ್ನು ಹತ್ತು ಸೆಕೆಂಡು ನೋಡಿ. ಕೆಲವೇ ಸೆಕೆಂಡು ಹತ್ತಿ ಆರಿದರೆ ಕೀಯ ಗುರುತು ಸಿಕ್ಕಿದೆ ಎಂದರ್ಥ. ಮಿಣುಕುತ್ತಲೇ ಇದ್ದರೆ ಸಿಕ್ಕಿಲ್ಲ. ಹೋಂಡಾ ಗಾಡಿಗಳಲ್ಲಿ ಇದು ಹಸಿರು ಕೀ ಚಿತ್ರ, ಹ್ಯುಂಡೈ ಮತ್ತು ಮಾರುತಿಯಲ್ಲಿಯೂ ಮಿಣುಕುವಿಕೆಯ ಅರ್ಥ ಇದೇ. ಗಾಡಿ ಲಾಕ್ ಮಾಡಿ ನಿಲ್ಲಿಸಿದಾಗ ಕೆಂಪು ದೀಪ ನಿಧಾನವಾಗಿ ಮಿಣುಕುವುದು ಬೇರೆ, ಅದು ಕಳ್ಳರಿಗೆ ತೋರಿಸುವ ಎಚ್ಚರಿಕೆ ಮಾತ್ರ.

ದೀಪ ಆರಿದೆ, ಆದರೂ ಎಂಜಿನ್ ಹಿಡಿಯುತ್ತಿಲ್ಲ ಎಂದಾದರೆ ಈ ಬರಹದ ಉಳಿದ ಭಾಗ ನಿಮಗೆ ಬೇಡ. ತೊಂದರೆ ಇಂಧನದ್ದೋ ಕ್ರ್ಯಾಂಕ್ ಸೆನ್ಸರಿನದ್ದೋ ಇರಬೇಕು, ಕೀಗೆ ಬೈಯಬೇಡಿ.

ಹಳೆಯ ಕೀಯ ಪರೀಕ್ಷೆ

ಮೊಟ್ಟಮೊದಲು ಕಂಪನಿ ಕೊಟ್ಟ ಹಳೆಯ ಕೀ ಹಾಕಿ ಎಂಜಿನ್ ಹಿಡಿಸಿ ನೋಡಿ. ಹಿಡಿದರೆ ಗಾಡಿ, ಆಂಟೆನಾ ಕಾಯಿಲ್, ಇಸಿಯು ಎಲ್ಲ ಸರಿಯಿವೆ, ತೊಂದರೆ ಹೊಸ ಕೀಯದ್ದೇ. ಹಳೆಯದೂ ಹಿಡಿಯದಿದ್ದರೆ ಕೆಳಗೆ "ಕೀಯದ್ದಲ್ಲದ ತಪ್ಪು" ಎಂಬ ಭಾಗಕ್ಕೆ ಹೋಗಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಹೆಚ್ಚು ಹೇಳುತ್ತದೆ. ಹೊಸ ಕೀಯನ್ನು ಇಗ್ನಿಷನ್ನಿಗೆ ಹಾಕಿ, ಹಳೆಯ ಕೀಯ ತಲೆಯನ್ನು ಅದರ ಪಕ್ಕಕ್ಕೆ, ಬ್ಯಾರಲ್ ಸುತ್ತಲಿನ ಕಪ್ಪು ಬಳೆಗೆ ತಾಗುವಷ್ಟು ಹತ್ತಿರ ಹಿಡಿದು ಹೊಸ ಕೀ ತಿರುಗಿಸಿ. ಎಂಜಿನ್ ಹಿಡಿದು ನಿಲ್ಲದೆ ಓಡಿದರೆ ಹೊಸ ಕೀಯ ಬ್ಲೇಡ್ ಸರಿಯಾಗಿ ಕತ್ತರಿಸಿದೆ, ಕೊರತೆ ಚಿಪ್ಪಿನದ್ದೋ ಅದರ ನೋಂದಣಿಯದ್ದೋ ಮಾತ್ರ ಎಂದು ಖಾತ್ರಿ. ಒಂದು ಎಚ್ಚರ: ಹೊಸ ಕೀಯಲ್ಲೂ ಚಿಪ್ ಇದ್ದರೆ ಎರಡು ಚಿಪ್ಪುಗಳು ಒಂದೇ ಹೊತ್ತಿಗೆ ಉತ್ತರ ಕೊಟ್ಟು ಗಾಡಿಗೆ ಒಂದೂ ಕೇಳಿಸದೆ ಹೋಗಬಹುದು. ಆದ್ದರಿಂದ ಈ ಪರೀಕ್ಷೆ ಚಿಪ್ಪಿಲ್ಲದ ಕೀಗೆ, ಅಥವಾ ಚಿಪ್ ತೆಗೆದಿಟ್ಟ ಕೀಗೆ, ನಂಬಿಕೆಯದ್ದು. ವಿಫಲವಾದರೆ ಏನೂ ಸಾಬೀತಾಗುವುದಿಲ್ಲ, ಯಶಸ್ವಿಯಾದರೆ ಬಹಳ ಸಾಬೀತಾಗುತ್ತದೆ.

ಇದೇ ಕಾರಣಕ್ಕೆ ಹಳೆಯ ಮತ್ತು ಹೊಸ ಕೀಗಳನ್ನು ಒಂದೇ ರಿಂಗಿನಲ್ಲಿ ಕಟ್ಟಬೇಡಿ. ಎರಡೂ ಸರಿಯಿದ್ದರೂ ಒಮ್ಮೊಮ್ಮೆ ಹಿಡಿಯದ, ಒಮ್ಮೊಮ್ಮೆ ಹಿಡಿಯುವ ತಲೆನೋವು ಹಲವು ಸಲ ಅಲ್ಲಿಂದಲೇ ಬರುತ್ತದೆ. ಬೈಕಿನ ಚಿಪ್ ಕೀ, ಆಫೀಸಿನ ಆಕ್ಸೆಸ್ ಕಾರ್ಡ್, ದಪ್ಪ ಲೋಹದ ಕೀಚೈನ್ ಇವುಗಳನ್ನೂ ತೆಗೆದು ಬರೀ ಕೀ ಹಾಕಿ ನೋಡಿ. ಗಣಪತಿಯ ಹಿತ್ತಾಳೆ ಕೀಚೈನ್ ತಲೆಗೇ ಒರಗಿ ಕೂತಿದ್ದರೆ ಅದನ್ನೂ ಹೊರತುಪಡಿಸುವಂತಿಲ್ಲ.

ಚಿಪ್ ಒಳಗಿದೆಯೇ?

ಪ್ರೋಗ್ರಾಂ ಆಗದ, ಅಂದರೆ ಗಾಡಿಗೆ ನೋಂದಣಿಯಾಗದ, ಕೀ ಎಂದು ಬರುವ ಕೀಗಳಲ್ಲಿ ಕೆಲವು ಪ್ರೋಗ್ರಾಂ ಆಗದವು ಅಲ್ಲವೇ ಅಲ್ಲ, ಒಳಗೆ ಚಿಪ್ಪೇ ಇಲ್ಲದವು. ಇದು ಎರಡು ದಾರಿಯಿಂದ ಆಗುತ್ತದೆ. ಒಂದು, ಫುಟ್‌ಪಾತಿನಲ್ಲಿ ನೂರಿನ್ನೂರು ರೂಪಾಯಿಗೆ ಕತ್ತರಿಸಿದ ಬರೀ ಲೋಹದ ಕೀ. ಎರಡು, ಕೀಯ ರಬ್ಬರ್ ಗುಂಡಿ ಸವೆದು, ಶೆಲ್ (ಪ್ಲಾಸ್ಟಿಕ್ ಕವಚ) ಒಡೆದು, ಹೊಸ ಶೆಲ್ ಹಾಕಿಸಿದಾಗ ಹಳೆಯ ಶೆಲ್ಲಿನಲ್ಲೇ ಚಿಪ್ ಉಳಿದುಹೋಗುವುದು. ಎರಡನೆಯದು ನಿಜಕ್ಕೂ ಹೊಟ್ಟೆ ಉರಿಸುತ್ತದೆ. ಅಲ್ಲಿಯವರೆಗೆ ಸರಿಯಾಗಿ ನಡೆಯುತ್ತಿದ್ದ ಕೀ ಹೊಸ ಬಟ್ಟೆ ಹಾಕಿಕೊಂಡ ಕೂಡಲೇ ಕೈಕೊಡುತ್ತದೆ.

ಶೆಲ್ ಬಿಚ್ಚುವಾಗ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ. ನೆಲದ ಮೇಲೆ ಬಿದ್ದ ಚಿಪ್ ಕಣ್ಣಿಗೆ ಬೀಳುವುದು ಕಷ್ಟ. ಸ್ಕ್ರೂ ಇದ್ದರೆ ಮೊದಲು ಅದನ್ನು ತೆಗೆಯಿರಿ, ಕೆಲವದರಲ್ಲಿ ಅದು ಕಂಪನಿಯ ಲಾಂಛನದ ಹಿಂದೆ ಅಡಗಿರುತ್ತದೆ. ಆಮೇಲೆ ಉಗುರನ್ನೋ ತೆಳ್ಳನೆಯ ಪ್ಲಾಸ್ಟಿಕ್ಕನ್ನೋ ಜೋಡಣೆಯ ಗೆರೆಗೆ ಹಾಕಿ ಮೆಲ್ಲಗೆ ಅಗಲಿಸಿ. ಸ್ಕ್ರೂಡ್ರೈವರ್ ತುದಿ ಹಾಕಿ ತಿರುಚಿದರೆ ಒಳಗಿನ ಬೋರ್ಡು ಗೀಚುತ್ತದೆ. ತೆರೆದ ಮೇಲೆ ಮೂರರಲ್ಲಿ ಒಂದು ಕಾಣಬೇಕು: ಹುಣಸೆ ಬೀಜದಷ್ಟು ದೊಡ್ಡ, ಇದ್ದಿಲಿನ ತುಂಡಿನಂಥ ಮಂಕು ಕಪ್ಪು ಬಿಲ್ಲೆ, ಇದನ್ನು ಕಾರ್ಬನ್ ಚಿಪ್ ಅನ್ನುತ್ತಾರೆ. ಇಲ್ಲವೇ ಒಳಗೆ ತಾಮ್ರದ ಸುರುಳಿ ಕಾಣುವ, ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ. ಎರಡೂ ಇಲ್ಲದಿದ್ದರೆ ಹಸಿರು ಸರ್ಕ್ಯೂಟ್ ಬೋರ್ಡನ್ನೇ ಗಮನಿಸಿ. ಹಲವು ಫ್ಲಿಪ್ ಕೀಗಳಲ್ಲಿ ರಿಮೋಟ್ ಮತ್ತು ಟ್ರಾನ್ಸ್‌ಪಾಂಡರ್ ಒಂದೇ ಐಸಿಯಲ್ಲಿ ಇರುತ್ತವೆ, ಅದರ ಪಕ್ಕದಲ್ಲಿ ಚೌಕಾಕಾರದ ಸಣ್ಣ ಕಪ್ಪು ಕಾಯಿಲ್ ಬೆಸುಗೆಯಾಗಿರುತ್ತದೆ.

ಆ ಸಣ್ಣ ಕಾಯಿಲ್ಲೇ ಮುಂದಿನ ಅಪರಾಧಿ. ಕೀ ಮೂರನೇ ಮಹಡಿಯ ಮೆಟ್ಟಿಲಿನಿಂದ ಬಿದ್ದಾಗ ಅದರ ಬೆಸುಗೆ ಬಿರಿಯುತ್ತದೆ. ರಿಮೋಟ್ ಹಾಗೇ ಕೆಲಸ ಮಾಡುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಾಯಿಲ್ಲಿನ ಕಾಲ ಸುತ್ತ ಕೂದಲೆಳೆಯ ಬಿರುಕು ಕಾಣುತ್ತದೆ. ಮೊಬೈಲ್ ರಿಪೇರಿ ಅಂಗಡಿಯವರು ಇದನ್ನು ಐದು ನಿಮಿಷದಲ್ಲಿ ಮತ್ತೆ ಬೆಸೆದು ಕೊಡಬಲ್ಲರು, ಪ್ರೋಗ್ರಾಮಿಂಗ್ ಬೇಕಾಗುವುದೂ ಇಲ್ಲ.

ಗೋವಾದ ಕಡೆಯವರಿಗೆ ಒಂದು ಮಾತು. ಕೋಲ್ವಾದಲ್ಲೋ ಕಲಂಗುಟ್‌ನಲ್ಲೋ ಕೀ ಚಡ್ಡಿ ಜೇಬಿನಲ್ಲಿಟ್ಟುಕೊಂಡು ನೀರಿಗಿಳಿದರೆ ಕಾರ್ಬನ್ ಅಥವಾ ಗಾಜಿನ ಚಿಪ್ಪಿಗೆ ಏನೂ ಆಗುವುದಿಲ್ಲ, ಅವು ಪೂರ್ತಿ ಮುಚ್ಚಿದವು. ರಿಮೋಟ್ ಬೋರ್ಡನ್ನು ಮಾತ್ರ ಉಪ್ಪು ತಿಂದುಹಾಕುತ್ತದೆ. ಸೆಲ್ ಕೂಡಲೇ ತೆಗೆಯಿರಿ, ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬ್ರಷ್ಷಿನಿಂದ ಉಜ್ಜಿ, ಒಂದು ದಿನ ಫ್ಯಾನಿನ ಕೆಳಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತರೆ ಉಪ್ಪು ಹೋಗುವುದಿಲ್ಲ.

ಚಿಪ್ ಇದೆ, ಆದರೆ ಸರಿಯಾದದ್ದೇ?

ಚಿಪ್ಪುಗಳಲ್ಲಿ ಜಾತಿಗಳಿವೆ, ನೋಡಲು ಎಲ್ಲ ಒಂದೇ. ಚಾವಿ ಅಂಗಡಿಯವರು ಸಂಖ್ಯೆಯಿಂದ ಕರೆಯುತ್ತಾರೆ: 46, 47, 48, 4ಡಿ ಹೀಗೆ. ಸ್ವಿಫ್ಟ್, ಐ10, ಐ20ಗಳ ಎಷ್ಟೋ ಮಾದರಿಗಳಲ್ಲಿ 46 ಇರುತ್ತದೆ, ಆಮೇಲಿನವುಗಳಲ್ಲಿ 47. ಫೋಕ್ಸ್‌ವಾಗನ್, ಸ್ಕೋಡಾ ಹಳೆಯ ಗಾಡಿಗಳಲ್ಲಿ 48, ಫೋರ್ಡಿನಲ್ಲಿ 4ಡಿ ಕುಟುಂಬದ 63. ಒಂದೇ ಹೆಸರಿನ ಗಾಡಿಯಲ್ಲೂ ತಯಾರಿಕೆಯ ವರ್ಷ ಬದಲಾದರೆ ಚಿಪ್ ಬದಲಾಗಬಹುದು. ಆದ್ದರಿಂದ "ಸ್ವಿಫ್ಟ್ ಕೀ ಕೊಡಿ" ಎಂದು ಕೇಳುವುದು ತಪ್ಪು. ಹಳೆಯ ಕೀಯನ್ನು ಅಂಗಡಿಯ ಚಿಪ್ ರೀಡರಿನಲ್ಲಿ ಇಟ್ಟು ಜಾತಿ ಓದಿಸಿ, ಹೊಸದನ್ನೂ ಅದೇ ರೀಡರಿನಲ್ಲಿ ಓದಿಸಿ, ಎರಡೂ ಪರದೆಯ ಮೇಲೆ ಒಂದೇ ಎಂದು ಕಣ್ಣಾರೆ ನೋಡಿ. ಒಂದು ನಿಮಿಷದ ಕೆಲಸ.

ಫೋಕ್ಸ್‌ವಾಗನ್ ಗುಂಪಿನಲ್ಲಿ ಇನ್ನೊಂದು ಗಂಟಿದೆ. ಅವರ 48 ಚಿಪ್ಪುಗಳು ಬ್ರ್ಯಾಂಡಿಗೆ ಮೊದಲೇ ಕೋಡ್ ಆಗಿ ಬರುತ್ತವೆ: ಟಿಪಿ23 ಫೋಕ್ಸ್‌ವಾಗನ್ನಿಗೆ, ಟಿಪಿ24 ಸ್ಕೋಡಾಗೆ, ಟಿಪಿ25 ಔಡಿಗೆ. ರ್‍ಯಾಪಿಡ್ (ಸ್ಕೋಡಾ) ಮತ್ತು ವೆಂಟೊ (ಫೋಕ್ಸ್‌ವಾಗನ್) ಅಣ್ಣತಮ್ಮಂದಿರಂತೆ ಕಂಡರೂ ಒಂದರ ಚಿಪ್ ಇನ್ನೊಂದಕ್ಕೆ ನೋಂದಣಿಯಾಗದು. ಪೋಲೊ ಪುಣೆಯ ಪಕ್ಕದ ಚಾಕಣದಲ್ಲೇ ತಯಾರಾದ ಗಾಡಿ ನಿಜ. ಆದರೂ ಅದರ ಕೀ ನೋಂದಣಿಗೆ ಡೀಲರ್ ಯಂತ್ರವು ಜರ್ಮನಿಯ ಕಂಪನಿ ಸರ್ವರಿಗೆ ಆನ್‌ಲೈನ್ ಹೋಗಿ ಬರಬೇಕು. ಆ ದಿನ ಸರ್ವರ್ ಡೌನ್ ಎಂದು ಸರ್ವಿಸ್ ಅಡ್ವೈಸರ್ ಹೇಳಿದರೆ ಅದು ನೆಪವೇ ಇರಬೇಕೆಂದಿಲ್ಲ.

ಸೆಕೆಂಡ್‌ಹ್ಯಾಂಡ್ ಕೀಗಳ ಆಸೆ ಬಿಟ್ಟುಬಿಡಿ. ಕುರ್ಲಾದ ಸಿಎಸ್‌ಟಿ ರೋಡಿನಲ್ಲೋ ಪುಣೆಯ ಜುನಾ ಬಝಾರಿನಲ್ಲೋ ಸ್ಕ್ರ್ಯಾಪ್ ಗಾಡಿಗಳ ಒರಿಜಿನಲ್ ಕೀ ಅಗ್ಗಕ್ಕೆ ಸಿಗುತ್ತವೆ. ಆದರೆ ಹೆಚ್ಚಿನ ಚಿಪ್ಪುಗಳು ಒಮ್ಮೆ ಒಂದು ಗಾಡಿಗೆ ಕಲಿತ ಮೇಲೆ ಬೀಗ ಹಾಕಿಕೊಳ್ಳುತ್ತವೆ, ಮತ್ತೊಂದು ಗಾಡಿಗೆ ಬರೆಯಲು ಬಿಡುವುದಿಲ್ಲ. ಒಳ್ಳೆಯ ಶೆಲ್ ಬೇಕಿದ್ದರೆ ಕೊಳ್ಳಿ, ಒಳಗಿನದಕ್ಕಾಗಿ ಅಲ್ಲ.

ನೋಂದಣಿ: ಎಲ್ಲಿ ಕೆಡುತ್ತದೆ

ಪ್ರೋಗ್ರಾಮಿಂಗ್ ಎಂದರೆ ಹೊಸ ಚಿಪ್ಪಿನ ಗುರುತನ್ನು ಗಾಡಿಯ ನೆನಪಿಗೆ ಸೇರಿಸುವುದು. ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ, ಗಾಡಿಯ ಗುಪ್ತ ಪಿನ್ ಕೊಟ್ಟು, ಒಂದೊಂದೇ ಕೀ ಹಾಕಿ ಆನ್ ಮಾಡುತ್ತಾರೆ. ಸುಲಭವೇ, ಆದರೂ ಕೆಡುವ ಜಾಗಗಳು ಗೊತ್ತಿರಲಿ.

ಮೊದಲನೆಯದು ಎಲ್ಲ ಕೀಗಳನ್ನೂ ಒಯ್ಯದಿರುವುದು. ಹ್ಯುಂಡೈಯಂಥ ಹಲವು ಗಾಡಿಗಳಲ್ಲಿ ನೋಂದಣಿ ಶುರುವಾದರೆ ಹಳೆಯ ಪಟ್ಟಿ ಅಳಿದುಹೋಗುತ್ತದೆ, ಆ ಹೊತ್ತಿಗೆ ಕೈಯಲ್ಲಿರುವ ಕೀಗಳು ಮಾತ್ರ ಹೊಸ ಪಟ್ಟಿಗೆ ಸೇರುತ್ತವೆ. ಹೊಸ ಕೀ ಮಾಡಿಸಿಕೊಂಡು ಬಂದು, ಊರಿನಲ್ಲಿ ಅಪ್ಪನ ಬಳಿ ಇರುವ ಹಳೆಯ ಕೀ ಕೆಲಸ ಮಾಡುತ್ತಿಲ್ಲ ಎಂದು ಆರು ತಿಂಗಳ ಮೇಲೆ ಗೊತ್ತಾಗುವುದು ಹೀಗೆ. ಹುಬ್ಬಳ್ಳಿಯ ಕಪಾಟಿನಲ್ಲಿರುವ ಕೀಯನ್ನು ಮೊದಲು ಕೊರಿಯರಿನಲ್ಲಿ ತರಿಸಿ, ಆಮೇಲೆ ಸರ್ವಿಸ್ ಸೆಂಟರಿಗೆ ಹೋಗಿ. ಹ್ಯುಂಡೈಯ ಈ ವ್ಯವಸ್ಥೆಯಲ್ಲಿ ಹೆಚ್ಚೆಂದರೆ 4 ಕೀ ಸೇರಿಸಬಹುದು.

ಎರಡನೆಯದು ಪಿನ್. ಹ್ಯುಂಡೈಯದ್ದು 6 ಅಂಕಿಯದು. ಮೂರು ಸಲ ತಪ್ಪು ಕೊಟ್ಟರೆ ವ್ಯವಸ್ಥೆ ಒಂದು ಗಂಟೆ ಬೀಗ ಹಾಕಿಕೊಳ್ಳುತ್ತದೆ. ಅವಸರದಲ್ಲಿ ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದರೆ ಆ ಒಂದು ಗಂಟೆ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ಸುಮ್ಮನೆ ಚಹಾ ಕುಡಿದು ಬರುವುದೇ ಸರಿ. ಊಹೆಯಿಂದ ಪಿನ್ ಹಾಕುವ ಹುಡುಗನ ಕೈಗೆ ಗಾಡಿ ಕೊಡಬೇಡಿ.

ಮೂರನೆಯದು ವೋಲ್ಟೇಜ್, ಇದನ್ನು ಬಹಳ ಮಂದಿ ಲಕ್ಷಿಸುವುದೇ ಇಲ್ಲ. ಇಗ್ನಿಷನ್ ಆನ್ ಇಟ್ಟು ಅರ್ಧ ಗಂಟೆ ಸ್ಕ್ಯಾನರ್ ಆಡಿಸಿದರೆ ದುರ್ಬಲ ಬ್ಯಾಟರಿ ಕುಸಿಯುತ್ತದೆ, ಬರವಣಿಗೆ ಅರ್ಧಕ್ಕೇ ನಿಂತರೆ ಇದ್ದ ಕೀಯೂ ಹೋಗುತ್ತದೆ. ಕೆಲಸ ಶುರು ಮಾಡುವ ಮೊದಲು ಮಲ್ಟಿಮೀಟರಿನಲ್ಲಿ ನೋಡಿ: ನಿಂತ ಗಾಡಿಯಲ್ಲಿ 12.6 ವೋಲ್ಟ್ ಎಂದರೆ ತುಂಬಿದ ಬ್ಯಾಟರಿ, 12.2 ಎಂದರೆ ಅರ್ಧ. ಅರ್ಧದಲ್ಲಿ ಶುರು ಮಾಡಬೇಡಿ, ಚಾರ್ಜರ್ ಜೋಡಿಸಿ. ಎಸಿ, ಹೆಡ್‌ಲೈಟ್, ಮ್ಯೂಸಿಕ್ ಆಫ್.

ಕೆಲವು ಫೋರ್ಡ್ ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆಯೇ ಮೂರನೇ ಕೀ ಸೇರಿಸಬಹುದು, ಆದರೆ ಅದಕ್ಕೆ ಈಗಾಗಲೇ ನೋಂದಣಿಯಾದ ಎರಡು ಕೀ ಬೇಕು. ಒಂದನ್ನು ಹಾಕಿ ಆನ್ ಮಾಡಿ ತೆಗೆದು, ಕೂಡಲೇ ಎರಡನೆಯದನ್ನು ಹಾಕಿ ಆನ್ ಮಾಡಿ ತೆಗೆದು, ಆಮೇಲೆ ಹೊಸದು. ನಡುವಿನ ಸೆಕೆಂಡುಗಳ ಲೆಕ್ಕ ಮಾಲೀಕರ ಕೈಪಿಡಿಯಲ್ಲಿರುತ್ತದೆ, ಅದನ್ನೇ ಪಾಲಿಸಿ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಈ ಸೌಲಭ್ಯದ ಬೆಲೆ ಮಾಲೀಕರಿಗೆ ಚೆನ್ನಾಗಿ ಗೊತ್ತಾಗಿದೆ. ಎರಡೂ ಕೀ ಇರುವಾಗಲೇ ಮೂರನೆಯದನ್ನು ಮಾಡಿಸಿಟ್ಟುಕೊಳ್ಳುವುದು ಜಾಣತನ.

ಕ್ಲೋನ್ ಮಾಡಿದ ಕೀ

ದೊಡ್ಡ ಚಾವಿ ಅಂಗಡಿಗಳು ನೋಂದಣಿ ಮಾಡದೆ ಹಳೆಯ ಚಿಪ್ಪಿನ ನಕಲು ತೆಗೆದು ಕೊಡುತ್ತವೆ. ಗಾಡಿಗೆ ಅದು ಹಳೆಯ ಕೀಯೇ, ಪಿನ್ ಬೇಡ, ಸ್ಕ್ಯಾನರ್ ಬೇಡ. 46ನೇ ಜಾತಿಯ ಚಿಪ್ಪಿನ ಗುಪ್ತ ಲಿಪಿ 48 ಬಿಟ್ಟಿನದು, ಹಳತಾಯಿತು, ಆದ್ದರಿಂದಲೇ ಇದು ಸಾಧ್ಯ. ದಿನನಿತ್ಯಕ್ಕೆ ಇದು ತಪ್ಪಲ್ಲ. ಆದರೆ ಒಂದು ತೊಡಕು ನೆನಪಿರಲಿ: ಎರಡಕ್ಕೂ ಗುರುತು ಒಂದೇ. ಮುಂದೆ ಒಂದು ಕೀ ಕಳೆದುಹೋಗಿ ಅದನ್ನು ಗಾಡಿಯ ನೆನಪಿನಿಂದ ಅಳಿಸಿದರೆ ಅದರ ಅವಳಿಯೂ ಜೊತೆಗೇ ಸಾಯುತ್ತದೆ. ಸ್ಕ್ಯಾನರಿನಲ್ಲಿ ಕೀಗಳ ಸಂಖ್ಯೆ ನೋಡಿದಾಗ ಕೈಯಲ್ಲಿ ಮೂರು, ಪರದೆಯಲ್ಲಿ ಎರಡು ಬಂದರೆ ಗಾಬರಿ ಬೇಡ, ಒಂದು ಕ್ಲೋನ್. ಬಿಲ್ಲಿನಲ್ಲಿ "ಕ್ಲೋನ್" ಅಥವಾ "ಪ್ರೋಗ್ರಾಂ" ಎಂದು ಬರೆಸಿಕೊಳ್ಳಿ.

ಬ್ಲೇಡಿನ ತಪ್ಪು, ಚಿಪ್ಪಿಗೆ ಬೈಗುಳ

ಎಂಟು ವರ್ಷ ಸವೆದ ಕೀಯ ನಕಲು ಎಂದರೆ ಸವೆತದ ನಕಲು, ಅದರ ಮೇಲೆ ಯಂತ್ರದ ತಪ್ಪು ಬೇರೆ. ಅಂಥ ಕೀ ಬ್ಯಾರಲ್ಲನ್ನು ಪೂರ್ತಿ ತಿರುಗಿಸದೆ ಆನ್ ಜಾಗಕ್ಕೆ ಒಂದು ಕೂದಲು ಮೊದಲೇ ನಿಲ್ಲುತ್ತದೆ. ಮ್ಯೂಸಿಕ್ ಬರುತ್ತದೆ, ಮೀಟರ್ ದೀಪಗಳು ಅರೆಬರೆ ಹತ್ತುತ್ತವೆ, ಸೆಲ್ಫ್ ಹೊಡೆಯುವುದಿಲ್ಲ. ಕೀಯನ್ನು ಸ್ವಲ್ಪ ಎತ್ತಿಯೋ ಒತ್ತಿಯೋ ತಿರುಗಿಸಿದಾಗ ಹಿಡಿದರೆ ತಪ್ಪು ಬ್ಲೇಡಿನದ್ದು. ಹೊಸ ಗಾಡಿಯ ಜೊತೆ ಬಂದ ಸಣ್ಣ ತಗಡಿನ ಬಿಲ್ಲೆಯಲ್ಲಿ ಕೀ ನಂಬರ್ ಒತ್ತಿರುತ್ತದೆ. ಸವೆದ ಕೀ ನೋಡಿ ಕತ್ತರಿಸುವ ಬದಲು ಆ ನಂಬರಿನಿಂದ ಕತ್ತರಿಸಲು ಹೇಳಿ. ಆ ಬಿಲ್ಲೆಯನ್ನು ಕೀ ಜೊತೆಗೇ ರಿಂಗಿನಲ್ಲಿ ನೇತುಹಾಕಿಕೊಂಡು ಓಡಾಡುವುದು ಮಾತ್ರ ಕಳ್ಳನಿಗೆ ವಿಳಾಸ ಬರೆದುಕೊಟ್ಟಂತೆ. ಬಿಲ್ಲೆ ಮನೆಯಲ್ಲಿರಲಿ.

ಕೀಯದ್ದಲ್ಲದ ತಪ್ಪು

ಹಳೆಯ ಕೀಯೂ ಹಿಡಿಯದಿದ್ದರೆ ಕ್ರಮವಾಗಿ ನೋಡಿ. ಬ್ಯಾಟರಿ: ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಕೀಯನ್ನು ಓದುವ ಘಟಕವೇ ತತ್ತರಿಸುತ್ತದೆ, ಜಂಪ್ ಕೊಟ್ಟು ನೋಡಿ. ಆಮೇಲೆ ಫ್ಯೂಸ್: ಇಮ್ಮೊಬಿಲೈಸರ್, ಬಿಸಿಎಂ (ಬಾಗಿಲು, ದೀಪಗಳನ್ನು ನೋಡಿಕೊಳ್ಳುವ ಘಟಕ), ಇಸಿಯು ಹೆಸರಿನವು.

ಅದೇ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಇಎಲ್‌ಎಂ327 ಅಡಾಪ್ಟರ್ ಇದ್ದರೆ ಮೊಬೈಲಿನಲ್ಲೇ ದೋಷದ ಕೋಡ್ ಓದಬಹುದು. ಪಿ0513 ಎಂದರೆ ತಪ್ಪು ಕೀ, ಪಿ0633 ಎಂದರೆ ಕೀ ಇಸಿಯುಗೆ ನೋಂದಣಿಯಾಗಿಲ್ಲ. ಯು0167 ಬಂದರೆ ವಿಷಯ ಬೇರೆ: ಇಮ್ಮೊಬಿಲೈಸರ್ ಘಟಕದ ಜೊತೆ ಸಂಪರ್ಕವೇ ಕಡಿದಿದೆ, ವೈರಿಂಗ್ ಅಥವಾ ಘಟಕ ನೋಡಬೇಕು. ಇಲ್ಲಿ ಎಷ್ಟು ಹೊಸ ಕೀ ಮಾಡಿಸಿದರೂ ಉಪಯೋಗವಿಲ್ಲ.

ಆಂಟೆನಾ ಕಾಯಿಲ್ ನೋಡಲು ಸ್ಟೀರಿಂಗ್ ಕಾಲಂನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂಗಳನ್ನು ತೆಗೆದು, ಬಳೆಯ ಪ್ಲಗ್ ಬಿಡಿಸಿ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಅಳೆಯಿರಿ. ಓಎಲ್ ಎಂದು ತೋರಿಸಿದರೆ ತಂತಿ ಕಡಿದಿದೆ. ಸರಿಯಾದ ಓಮ್ ಎಷ್ಟೆಂಬುದು ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಲ್ಲೇ ಸುತ್ತಮುತ್ತ ಹಳದಿ ಪ್ಲಗ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ಮ್ಯೂಸಿಕ್ ಸಿಸ್ಟಂ ಅಥವಾ ಜಿಪಿಎಸ್ ಟ್ರ್ಯಾಕರ್ ಹಾಕಿಸಿದ ಮರುದಿನವೇ ಈ ತೊಂದರೆ ಶುರುವಾಗಿದ್ದರೆ ಹೆಚ್ಚು ಹುಡುಕಬೇಕಿಲ್ಲ, ಆ ಫಿಟ್ಟರ್ ಇಗ್ನಿಷನ್ ವೈರಿನಲ್ಲಿ ಎಲ್ಲಿ ಚುಚ್ಚಿದ್ದಾನೆಂದು ನೋಡಿ.

ಇಮ್ಮೊಬಿಲೈಸರನ್ನೇ ಬೈಪಾಸ್ ಮಾಡಿಕೊಡುತ್ತೇನೆ ಎನ್ನುವವರಿದ್ದಾರೆ. ಯುರೋಪಿನಲ್ಲಿ ಹೊಸ ಕಾರುಗಳಿಗೆ 1998ರ ಅಕ್ಟೋಬರಿನಿಂದ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಅದನ್ನು ತೆಗೆಸಿದ ಗಾಡಿ ಕಳುವಾದರೆ ವಿಮಾ ಕಂಪನಿಯ ಸರ್ವೇಯರ್ ಕೇಳುವ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಬಟನ್ ಸ್ಟಾರ್ಟ್ ಗಾಡಿಗಳು

ಇಲ್ಲಿ ಬ್ಯಾರಲ್ ಇಲ್ಲ, ತತ್ವ ಅದೇ. "ಕೀ ಸಿಗುತ್ತಿಲ್ಲ" ಎಂಬ ಸಂದೇಶ ಬಂದರೆ ಮೊದಲು ಕಾಯಿನ್ ಸೆಲ್ ಬದಲಿಸಿ. ಸಿಆರ್2032 ಬಹಳ ಕಡೆ ನಡೆಯುತ್ತದೆ, ಆದರೂ ಹಳೆಯ ಸೆಲ್ಲಿನ ಮೇಲಿನ ಸಂಖ್ಯೆ ಓದಿಯೇ ಕೊಳ್ಳಿ. ಹೊಸ ಸೆಲ್ 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸಬೇಕು. ಸೆಲ್ ಪೂರ್ತಿ ಸತ್ತಿದ್ದರೂ ನೋಂದಣಿಯಾದ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಹ್ಯುಂಡೈ, ಮಾರುತಿ ಗಾಡಿಗಳು ಹಿಡಿಯುತ್ತವೆ, ಒಳಗಿನ ಟ್ರಾನ್ಸ್‌ಪಾಂಡರಿಗೆ ಸೆಲ್ ಬೇಡವಲ್ಲ. ಹೊಸ ಸೆಲ್ ಹಾಕಿ, ತಾಗಿಸಿ ಒತ್ತಿದರೂ ಹಿಡಿಯದಿದ್ದರೆ ಆ ಫಾಬ್ (ಬಟನ್ ಸ್ಟಾರ್ಟ್ ಗಾಡಿಯ ಕೀ) ನೋಂದಣಿಯಾಗಿಲ್ಲ.

ಎರಡೂ ಕೀ ಇಲ್ಲದಿದ್ದರೆ

ಡೀಲರ್ ಬಳಿ ಚಾಸಿ ನಂಬರಿನಿಂದ ಆರ್ಡರ್ ಮಾಡಬೇಕು. ಆರ್‌ಸಿ, ಮಾಲೀಕರ ಗುರುತಿನ ಚೀಟಿ, ಕಳೆದುಹೋದ ಬಗ್ಗೆ ಪೊಲೀಸ್ ವರದಿ ಕೇಳುತ್ತಾರೆ. ಮುಂಬೈ ಮತ್ತು ಪುಣೆ ಪೊಲೀಸರ ಜಾಲತಾಣಗಳಲ್ಲಿ ಕಳೆದ ವಸ್ತುವಿನ ವರದಿಯನ್ನು ಆನ್‌ಲೈನಿನಲ್ಲೇ ದಾಖಲಿಸಬಹುದು. ಕೆಎ (ಕರ್ನಾಟಕದ) ನಂಬರಿನ ಗಾಡಿಯನ್ನು ಮಹಾರಾಷ್ಟ್ರದಲ್ಲಿ ಓಡಿಸುವವರಿಗೆ ತೊಡಕಾಗುವುದು ಆರ್‌ಸಿ ಅಪ್ಪನ ಹೆಸರಿನಲ್ಲಿದ್ದಾಗ. ಅವರ ಒಪ್ಪಿಗೆ ಪತ್ರ ಮತ್ತು ಗುರುತಿನ ಪ್ರತಿ ತರಿಸಿಕೊಂಡೇ ಹೋಗಿ, ಎರಡು ಸಲ ಥಾಣೆ ಟ್ರಾಫಿಕ್ಕಿನಲ್ಲಿ ಅಲೆಯಬೇಡಿ. ಗಾಡಿ ಕಳುವಾದಾಗ ವಿಮಾ ಕಂಪನಿ ಎರಡೂ ಕೀ ಒಪ್ಪಿಸಲು ಹೇಳುತ್ತದೆ, ಆದ್ದರಿಂದ ಒಂದು ಕಳೆದಾಗಲೇ ವರದಿ ಮಾಡಿ ಪ್ರತಿ ಜೋಪಾನವಾಗಿಡಿ. ಕೀ ಬದಲಿಕೆಯ ಆ್ಯಡ್-ಆನ್ ಪಾಲಿಸಿಯಲ್ಲಿದೆಯೇ ನೋಡಿ, ಬಹಳ ಜನ ಕಂತು ಕಟ್ಟುತ್ತಾರೆ, ಕ್ಲೇಮ್ ಮಾಡುವುದು ಮರೆಯುತ್ತಾರೆ.

ದುಡ್ಡು ಕೊಡುವ ಮೊದಲು

ಪರೀಕ್ಷೆ ಅಂಗಡಿಯ ಎದುರಿಗೇ ಆಗಲಿ. ಹಳೆಯ ಕೀಗಳನ್ನು ಗಾಡಿಯಿಂದ ಹೊರಗೆ, ಕನಿಷ್ಠ ಹತ್ತು ಹೆಜ್ಜೆ ದೂರ ಯಾರ ಕೈಯಲ್ಲಾದರೂ ಕೊಟ್ಟು ನಿಲ್ಲಿಸಿ. ಜೇಬಿನಲ್ಲಿ ಹಳೆಯ ಫಾಬ್ ಇಟ್ಟುಕೊಂಡು ಹೊಸದನ್ನು ಪರೀಕ್ಷಿಸುವ ತಪ್ಪು ಬಟನ್ ಸ್ಟಾರ್ಟ್ ಗಾಡಿಗಳಲ್ಲಿ ದಿನವೂ ನಡೆಯುತ್ತದೆ. ಹೊಸ ಕೀಯಿಂದ ಡ್ರೈವರ್ ಬಾಗಿಲು, ಡಿಕ್ಕಿ, ಇಗ್ನಿಷನ್, ಸ್ಟೀರಿಂಗ್ ಲಾಕ್ ಎಲ್ಲ ತಿರುಗಿಸಿ. ಐದು ಸಲ ಎಂಜಿನ್ ಹಿಡಿಸಿ, ಕೊನೆಯ ಸಲ ಎರಡು ನಿಮಿಷ ಓಡಲಿ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿಸಿ. ಕೆಲವು ಗಾಡಿಗಳ ಘಟಕ ನಿದ್ದೆಗೆ ಜಾರಿ ಎದ್ದ ಮೇಲೆಯೇ ನಿಜ ಬಣ್ಣ ತೋರಿಸುತ್ತದೆ. ಮಿಣುಕುವ ದೀಪ ಆರಬೇಕು. ಆಮೇಲೆ ಹಳೆಯ ಕೀಗಳನ್ನೂ ಒಂದೊಂದಾಗಿ ಹಾಕಿ ನೋಡಿ.

ಚಿಪ್ಪಿಲ್ಲದ ಬರೀ ಲೋಹದ ಕೀಯನ್ನು ಎಸೆಯಬೇಡಿ. ಒರಿಜಿನಲ್ ಒಳಗೇ ಉಳಿದು ಬಾಗಿಲು ಲಾಕ್ ಆದಾಗ ಅದು ಬಾಗಿಲು ತೆರೆಯುತ್ತದೆ. ರಿಮೋಟಿನಿಂದ ಲಾಕ್ ಮಾಡಿದ್ದರೆ ಅಲಾರಂ ಕಿರುಚಬಹುದು, ನೋಂದಣಿಯಾದ ಕೀ ಹಾಕಿ ಇಗ್ನಿಷನ್ ಆನ್ ಮಾಡಿದರೆ ನಿಲ್ಲುತ್ತದೆ. ಆದರೆ ಅದಕ್ಕೆ ಕೆಂಪು ಟೇಪ್ ಸುತ್ತಿ "ಬಾಗಿಲು ಮಾತ್ರ" ಎಂದು ಬರೆದಿಡಿ. ಗಣೇಶ ಚತುರ್ಥಿಗೆ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಬೆಳಗಾವಿ ಕಡೆ ಹೊರಡುವ ಬೆಳಿಗ್ಗೆ ಅವಸರದಲ್ಲಿ ಡ್ರಾಯರಿನಿಂದ ಸ್ಪೇರ್ ಎಂದು ಎತ್ತಿಕೊಳ್ಳುವ ಕೀ ಅದೇ ಆಗಿರುತ್ತದೆ.